ಹನ್ನೆರಡನೆಯ ಪ್ಲೇಟು

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ಅದರಲ್ಲಿ ತಪ್ಪು ಮಾಡಿದವರೇ: ಅಣು ಇಂಧನ ಕಾರ್ಖಾನೆಯಲ್ಲಿ ಪುಡಿ ಬೆರೆಸುವ ಕೆಲಸಗಾರ. ಕಳೆದ ಗುರುವಾರ ಸಂಜೆ, ಪಾಳಿ ಮುಗಿದ ಮೇಲೆ, ಊಟದ ಕೋಣೆಯಲ್ಲಿ ಏಳೆಂಟು ಜನರ ಎದುರು ಹೇಳಿದರು. ಪಕ್ಕದಲ್ಲಿ ಅವರ ಅಕ್ಕ ಕುಳಿತಿದ್ದರು. ಅಕ್ಕ ನಡುವೆ ತಿದ್ದಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಅಕ್ಕನನ್ನು ಎಲ್ಲರೂ ಕರೆಯುವುದು ಕನ್ನಡಿಯಕ್ಕ ಎಂದು. ಬೆಳಗಿನ ಆರಕ್ಕೆ, ಕಿಟಕಿ ಇನ್ನೂ ಬೂದುಬಣ್ಣದಲ್ಲಿರುವಾಗಲೇ, ಆಕೆ ತಿರುಗುವ ಚಕ್ರಕ್ಕೆ ಬಟಾಣಿಯಷ್ಟು ಚೂರೊಂದನ್ನು ಒತ್ತಿ ಹಿಡಿದಿರುತ್ತಾರೆ. ಇಲ್ಲಿನ ಇಂಧನವೆಂದರೆ ಲೋಹದ ತೆಳು ಪ್ಲೇಟುಗಳಲ್ಲಿ ಹುದುಗಿದ ಯುರೇನಿಯಂ ಪಿಂಗಾಣಿಯ ಕಾಳುಗಳು. ಬ್ಯಾಚಿನ ಹನ್ನೆರಡು ಪ್ಲೇಟುಗಳಲ್ಲಿ ಎರಡನ್ನು ಕತ್ತರಿಸಿ, ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಿ, ಕಾಳುಗಳು ಸಮನಾಗಿ ಹರಡಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಗುಂಪುಗೂಡಿದ್ದರೆ ರಿಯಾಕ್ಟರಿನೊಳಗೆ ಅಲ್ಲೇ ಕಾವು ಹೆಚ್ಚಿ ಪ್ಲೇಟು ಬಿರಿಯುತ್ತದೆ. ದಿನಕ್ಕೆ ಎಂಟು ಚೂರಿನಂತೆ ಇಪ್ಪತ್ತೆರಡು ವರ್ಷ, ಬೆರಳುಗಳು ಮರಗಟ್ಟಿವೆ.

ಪ್ರಸಂಗ ನಡೆದ ದಿನ ಮೊದಲನೆಯ ಪ್ಲೇಟು ಪಾಸು, ಆರನೆಯದೂ ಪಾಸು. ಆಕೆ ಮಾತ್ರ ಏಳುವುದಿಲ್ಲ.

“ಮೊದಲನೇದಕ್ಕಿಂತ ಇದ್ರಲ್ಲಿ ಕಾಳು ಒತ್ತಾಗಿದೆ ಸಾರ್. ಕೊನೇದನ್ನೂ ಕೊಯ್ಸಿ.”

“ಮಿತಿಯೊಳಗೇ ಇದೆಯಲ್ಲಮ್ಮ! ಹತ್ತಕ್ಕೆ ಗಾಡಿ ಬರತ್ತೆ,” ಎನ್ನುತ್ತಾರೆ ಮೇಲ್ವಿಚಾರಕರು. “ಒಳ್ಳೇ ಪ್ಲೇಟು ಹಾಳಾದ್ರೆ ನಾಳೆ ಈ ಚಕ್ರದ ಮುಂದೆ ಇನ್ನೊಬ್ರು ಕೂರ್ತಾರೆ, ನೋಡಿ.”

“ಕೂರ್ಲಿ. ಇವತ್ತಂತೂ ನಾನೇ ಇದೀನಲ್ಲ.”

ಕತ್ತರಿಸಿ, ಅಂಟಿನಲ್ಲಿ ಕೂರಿಸಿ, ಚಕ್ರಕ್ಕೆ ಹಚ್ಚುವ ಐದು ಬಗೆಯ ಮರಳು ಕಾಗದದ ಮೇಲೆ ಉಜ್ಜಲು ಐವತ್ತು ನಿಮಿಷ ಬೇಕು. ಅವಸರಪಟ್ಟರೆ ಕಾಳುಗಳೇ ಕಿತ್ತುಬರುತ್ತವೆ, ಆಮೇಲೆ ಏನನ್ನೂ ಹೇಳಲಾಗದು. ಒಂಬತ್ತೂವರೆ. ಮೇಲ್ವಿಚಾರಕರು ನಿಂತಲ್ಲಿ ನಿಲ್ಲಲಾರರು. ಆಕೆಯ ಕೈ ಮಾತ್ರ ವೇಗ ಬದಲಿಸುವುದಿಲ್ಲ.

ಸೂಕ್ಷ್ಮದರ್ಶಕಕ್ಕೆ ಮೊದಲು ಕಣ್ಣಿಟ್ಟವರು ಮೇಲ್ವಿಚಾರಕರೇ. ಒಂದಂಚಿನಲ್ಲಿ ಕಾಳುಗಳು ಮುತ್ತಿಕೊಂಡಿವೆ. ಅವರು ಫೋನೆತ್ತಿ, ಗಾಡಿ ಬೇಡ ಎನ್ನುತ್ತಾರೆ.

ಆ ಬ್ಯಾಚಿನ ಪುಡಿ ಬೆರೆಸಿದ ತಮ್ಮ ಬಾಗಿಲಿನಿಂದ ಒಳಗೆ ಬರುತ್ತಾರೆ. “ಮುಚ್ಚಳಕ್ಕೆ ಪುಡಿ ಅಂಟಿತ್ತಕ್ಕ. ಉದುರ್ಲಿ ಅಂತ ಡಬ್ಬಿನ ನಾಲ್ಕು ಸಲ ತಟ್ಟಿಬಿಟ್ಟೆ.”

ಬೆರೆಸಿದ ಮೇಲೆ ಡಬ್ಬಿ ತಟ್ಟಬಾರದು. ತಟ್ಟಿದರೆ ಭಾರದ ಕಾಳುಗಳು ತಳ ಸೇರುತ್ತವೆ. ತಳದ ಪುಡಿಯೇ ಕೊನೆಯ ಪ್ಲೇಟಾಗುತ್ತದೆ.

“ನಾಲ್ಕಲ್ಲ, ಆರು ಸಲ ಅಂತ ನೀನೇ ಅಂದಿದ್ದೆ ಅವತ್ತು,” ಎಂದು ಊಟದ ಕೋಣೆಯಲ್ಲಿ ಅಕ್ಕ ತಿದ್ದಿದರು.

ಈ ಕೆಲಸದಲ್ಲಿ ನಿಮ್ಮ ಆಸೆ ಏನೆಂದು ಆಕೆಯನ್ನು ಕೇಳಿದೆ. “ಇಲ್ಲಿಂದ ಹೋದ ಪ್ಲೇಟಿನ ಸುದ್ದಿ ಯಾವತ್ತೂ ಪೇಪರಲ್ಲಿ ಬರಬಾರ್ದು. ಅಷ್ಟೇ.”

ಕೇಳುತ್ತಿದ್ದವರು ಎದ್ದರು. ಅಕ್ಕನ ಪಕ್ಕದಲ್ಲಿದ್ದ ತಮ್ಮ, ತಾವು ಉಂಡ ಡಬ್ಬಿಯನ್ನು ಕಸದ ಬುಟ್ಟಿಯ ಮೇಲೆ ಬೋರಲು ಹಿಡಿದು, ತಟ್ಟಲು ಎತ್ತಿದ ಕೈಯನ್ನು ಅಲ್ಲೇ ನಿಲ್ಲಿಸಿದರು.

“ಅದನ್ನ ತಟ್ಟಬಹುದು ಕಣೋ,” ಎಂದರು ಅಕ್ಕ. ನಗುತ್ತಲೇ ಎಲ್ಲರೂ ಮನೆಗೆ ಹೊರಟರು.