ನಡೆಯುತ್ತಿದ್ದ ಗುಡ್ಡ

ವಿಜಯವಾಡದ ನಮ್ಮ ಬ್ಯಾಂಕಿಗೆ ಮನೆಸಾಲದ ಜಾಗ ನೋಡಿ ವರದಿ ಕೊಡುತ್ತಿದ್ದ ಇಂಜಿನಿಯರ್ ಅವರು. ತಾಯಿ ಬಳ್ಳಾರಿ ಕಡೆಯವರಂತೆ, ನನ್ನ ಹತ್ತಿರ ಕನ್ನಡವನ್ನೇ ಆಡುತ್ತಿದ್ದರು. ಎಲ್ಲಿಗೆ ಹೋದರೂ ಕುಡಿಯುವ ಬಾಟಲಿಯ ನೀರನ್ನು ಇಳಿಜಾರಿಗೆ ಸುರಿದು, ಕುಕ್ಕರುಗಾಲಲ್ಲಿ ಕೂತು, ಅದು ಇಂಗುವವರೆಗೂ ನೋಡುವರು. ಮಣ್ಣಿನ ಮೇಲೆ ನಂಬಿಕೆ ಬರದಿದ್ದರೆ, ತೆಲುಗಿನ 'ಅಂಡಿ' ಸೇರಿಸಿ ಒಂದೇ ಮಾತು: "ಗುಡ್ಡ ಇನ್ನೂ ನಡೀತಾ ಇದೆಯಂಡಿ."

ಗುಡ್ಡ ಕಡಿದು ಕಟ್ಟಿದ್ದ ಒಂದು ಮನೆಯ ಬಗ್ಗೆ ಅದನ್ನೇ ಮೂರು ಸಲ ಹೇಳಿದರು. ತಡೆಗೋಡೆ ಇಲ್ಲ, ಗುಡ್ಡ ಕಡಿಯಲು ಅನುಮತಿಯೂ ಇಲ್ಲ, ನಾನು ಸಹಿ ಹಾಕುವುದಿಲ್ಲ ಎಂದರು. ಮ್ಯಾನೇಜರನಾದ ನನಗೆ ಮಾರ್ಚ್ ತಿಂಗಳ ಸಾಲದ ಗುರಿ ಮುಟ್ಟಿಸುವ ಅವಸರ. ಜಾಗದ ಕಡೆ ತಲೆಯೂ ಹಾಕದ ಇನ್ನೊಬ್ಬ ಇಂಜಿನಿಯರಿಂದ ಸಹಿ ಹಾಕಿಸಿಕೊಂಡೆ.

ಆ ಮಳೆಗಾಲದಲ್ಲಿ ಗುಡ್ಡ ಜರಿದು ಅಡುಗೆಮನೆಯ ಮೇಲೆ ಬಿತ್ತು. ಒಳಗಿದ್ದ ಮನೆಯಾಕೆ ಒಂದು ಕಾಲು ಕಳೆದುಕೊಂಡರು.

ಮರುದಿನ ಆ ಮೊದಲಿನ ಇಂಜಿನಿಯರ್ ಬ್ಯಾಂಕಿಗೆ ಬಂದರು. ಎಂದಿನಂತೆ ಬಾಗಿಲಲ್ಲೇ ಬೂಟಿನ ಕೆಸರು ಒರೆಸಿ, ನನ್ನೆದುರು ಕೂತು, ಖಾಲಿ ಬಾಟಲಿಯನ್ನು ಕೈಯಲ್ಲಿ ತಿರುಗಿಸುತ್ತಾ, "ನಾನು ಇನ್ನೊಂದ್ಸಲ ಹೇಳಬೇಕಿತ್ತು ಸಾರ್" ಎಂದರು.

ಸಿಬ್ಬಂದಿಯೆಲ್ಲ ನಮ್ಮನ್ನೇ ನೋಡುತ್ತಿದ್ದರು.

"ಹೌದು, ಹೇಳಬೇಕಿತ್ತು" ಎಂದುಬಿಟ್ಟೆ.