ಇಟಲಿಯಾಕೆಗೆ ಕಲಿಸಿದ ಕಂಪ್ಯೂಟರ್ ಇಂಗ್ಲಿಷ್

ಆ ಚಳಿಗಾಲದಲ್ಲಿ ನಾನು ಕೂತದ್ದಕ್ಕಿಂತ ನಡೆದದ್ದೇ ಹೆಚ್ಚು. ಸೌದಿಯ ದಹ್ರಾನಿನ ಹೊರವಲಯದ ಕಾಂಪೌಂಡೊಂದರಲ್ಲಿ, ಎತ್ತರದ ಗೋಡೆಯೊಳಗೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದ ಮನೆಗಳ ಸಾಲಿನಲ್ಲಿ, ನಮ್ಮದು ಗೇಟಿಗೆ ಹತ್ತಿರದ್ದು. ನನ್ನ ಗಂಡ ಕೆಲಸ ಮಾಡುತ್ತಿದ್ದ ಪ್ರಾಜೆಕ್ಟ್ ಮುಗಿದಿತ್ತು. ತಬೂಕಿನ ಇನ್ನೊಂದು ಕಂಪನಿ ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಹಳೆಯ ಕಫೀಲ್, ಅಂದರೆ ವೀಸಾ ಕೊಟ್ಟ ಕಂಪನಿ, ಬಿಟ್ಟುಕೊಟ್ಟು, ಹೊಸ ಕಫೀಲ್ ಒಪ್ಪಿಕೊಂಡು, ವಾಸದ ಪರವಾನಗಿಯಾದ ಇಕಾಮಾ ಹೊಸ ಕಂಪನಿಯ ಹೆಸರಿಗೆ ಆಗುವ ತನಕ ನಾವು ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ. ಸರಕಾರದ ಆಪ್ ತೆರೆದರೆ ‘ಪೆಂಡಿಂಗ್’ ಎಂಬ ಹಳದಿ ಅಕ್ಷರ. ಚಹಾಕ್ಕೆ ನೀರಿಟ್ಟು ಒಮ್ಮೆ ನೋಡುತ್ತಿದ್ದೆ, ಸೋಸುವ ಮೊದಲು ಇನ್ನೊಮ್ಮೆ.

ನಮ್ಮ ಮನೆಮಾತು ಬ್ಯಾರಿ. ಸಿಟ್ಟು ಬಂದಾಗ ಮಾತ್ರ ಇಬ್ಬರೂ ಶಾಲೆಯಲ್ಲಿ ಕಲಿತ ಕನ್ನಡಕ್ಕೆ ಹೊರಳುತ್ತೇವೆ. “ಎಂತ ಮಾರಾಯ್ತಿ, ನೀನು ಹಾಗೆ ದಿಟ್ಟಿಸಿ ನೋಡಿದ್ರೆ ಅದು ಬೇಗ ಆಗ್ತದಾ?” ಎಂದರು ಗಂಡ ಒಂದು ಬೆಳಿಗ್ಗೆ. ನಾನು ಒಗೆಯುವ ಬಟ್ಟೆಯ ಬುಟ್ಟಿ ಎತ್ತಿಕೊಂಡು, ಕಾಂಪೌಂಡಿನವರೆಲ್ಲ ಬಳಸುವ ಲಾಂಡ್ರಿ ಕೋಣೆಗೆ ಹೊರಟೆ.

ಅಲ್ಲಿ ಸಿಕ್ಕಿದವರೇ ಆ ಇಟಲಿಯ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಕತ್ತರಿಸಿದ ನರೆಗೂದಲು, ತೋಳು ಮಡಚಿದ ಗಂಡಸರ ಅಂಗಿ. ನಮ್ಮಿಂದ ಎರಡು ಮನೆ ಆಚೆ ಇದ್ದವರು. ಅವರ ಗಂಡ ಪಂಪುಗಳನ್ನು ಪರೀಕ್ಷಿಸುವ ಎಂಜಿನಿಯರ್. ವಾರವಿಡೀ ಮರುಭೂಮಿಯ ಒಳಗಿನ ಸೈಟಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ಆಕೆ ನನ್ನ ಮುಂದೆ ಫೋನ್ ಹಿಡಿದು, ತುಂಬ ಯೋಚಿಸಿ, “ಸಿನ್ಯೋರಾ, ಟೆಲಿಫೋನ್ ಡೌನ್‌ಲೋಡ್” ಎಂದರು. ಏನು ಡೌನ್‌ಲೋಡ್ ಆಗಬೇಕಿತ್ತೋ ಎಂದು ನಾನು ಫೋನ್ ತೆಗೆದುಕೊಂಡೆ. ಪರದೆ ಕಪ್ಪು. ಬ್ಯಾಟರಿ ಮುಗಿದಿತ್ತು, ಅಷ್ಟೇ. ಲಾರಿಯಿಂದ ಸರಕು ಇಳಿಸುವುದಕ್ಕೆ, ಇಂಟರ್ನೆಟ್ಟಿನಿಂದ ಫೈಲ್ ಇಳಿಸುವುದಕ್ಕೆ ಅವರಲ್ಲಿ ಒಂದೇ ಮಾತಂತೆ. ಖಾಲಿಯಾದ ಬ್ಯಾಟರಿಗೂ ಅದೇ ಮಾತಿನ ಇನ್ನೊಂದು ರೂಪ. ಇದು ನನಗೆ ತಿಳಿದದ್ದು ಮಾತ್ರ ಆಮೇಲೆ. ಆ ಹೊತ್ತು ಚಾರ್ಜರ್ ತಂದುಕೊಟ್ಟೆ. ಆಕೆ ನಕ್ಕರು, ನಾನೂ ನಕ್ಕೆ. ಬಹಳ ದಿನದ ಮೇಲೆ ನಕ್ಕ ಹಾಗಾಯಿತು.

ಮದುವೆಗೆ ಮುಂಚೆ ನಾನು ಉಡುಪಿಯಲ್ಲಿ, ಬಸ್ ಸ್ಟ್ಯಾಂಡಿನ ಹತ್ತಿರದ ಜವಳಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಹುಡುಗಿಯರಿಗೆ ಕಂಪ್ಯೂಟರ್ ಹೇಳಿಕೊಡುತ್ತಿದ್ದವಳು. ಇದನ್ನು ಕೇಳಿದ್ದೇ ತಡ, ಆಕೆ ನನ್ನ ಕೈ ಹಿಡಿದುಕೊಂಡರು. ತನಗೆ ಫೋನಿನ ಇಂಗ್ಲಿಷ್ ಬೇಕು, ಕಂಪ್ಯೂಟರಿನ ಇಂಗ್ಲಿಷ್ ಬೇಕು, ಬೇಗ ಬೇಕು ಎಂದು ಅರ್ಧ ಮಾತಿನಲ್ಲಿ, ಅರ್ಧ ಕೈಸನ್ನೆಯಲ್ಲಿ ತಿಳಿಸಿದರು. ಎಲ್ಲವನ್ನೂ ಗಂಡನೇ ಮಾಡುತ್ತಾರೆ, ತಾನು ಯಾವುದಕ್ಕೂ ಕೈ ಹಾಕಿದವಳಲ್ಲ ಎಂದರು. ಮೊಮ್ಮಕ್ಕಳಿಗೆ ಫೋಟೋ ಕಳಿಸಬೇಕೇನೋ ಎಂದು ನಾನು ಅಂದುಕೊಂಡೆ. ನನಗೂ ‘ಪೆಂಡಿಂಗ್’ ಬಿಟ್ಟು ಬೇರೆ ಏನಾದರೂ ನೋಡುವುದು ಬೇಕಿತ್ತು.

ಹಾಗೆ ಅವರ ಅಡುಗೆಮನೆಯ ಮೇಜಿನ ಮೇಲೆ, ಗಂಡನ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ನಮ್ಮ ಪಾಠ ಶುರುವಾಯಿತು. ಕಂಪ್ಯೂಟರ್, ಮೌಸ್, ಫೈಲ್, ಪಾಸ್‌ವರ್ಡ್ ಅವರ ಭಾಷೆಯಲ್ಲೂ ಹಾಗೆಯೇ ಇದ್ದವು. ನಾನು ಇಲಿಯ ಚಿತ್ರ ಬಿಡಿಸಿ ಮೌಸ್ ಅಂದರೆ ಇದು ಎಂದಾಗ ಆಕೆಗೆ ಆಶ್ಚರ್ಯ. ಇಷ್ಟು ವರ್ಷ ಆ ಮಾತು ಕೇಳಿದ್ದರೂ ಅದರೊಳಗೆ ಇಲಿ ಇರುವುದು ಗೊತ್ತಿರಲಿಲ್ಲ. ಫೋಲ್ಡರಿಗೆ ಅವರು ಕೊಟ್ಟ ಹೆಸರು ಶಾಲೆಯ ಮಕ್ಕಳ ಚೀಲದ್ದು. ಇಮೇಲಿನ ನಡುವೆ ಬರುವ ಆ್ಯಟ್ ಚಿಹ್ನೆಗೆ ಬಸವನಹುಳು ಅನ್ನುತ್ತಿದ್ದರು. ಸೇವ್ ಅಂದರೆ ಅವರಿಗೆ ಮುಳುಗುವವರನ್ನು ಕಾಪಾಡುವುದು, ಉಡುಪಿಯ ಹುಡುಗಿಯರಿಗೆ ನಾನು ‘ಉಳಿಸು’ ಎಂದು ಹೇಳಿಕೊಟ್ಟ ಹಾಗೆಯೇ.

ಕಷ್ಟವಾದದ್ದು ಅಕ್ಷರಗಳು. ನಾನು ಇಂಗ್ಲಿಷಿನ ‘ಇ’ ಎಂದರೆ ಆಕೆ ‘ಐ’ ಅಕ್ಷರ ಒತ್ತುತ್ತಿದ್ದರು. ಅವರ ಕಿವಿಗೆ ಆ ಸ್ವರ ಆ ಅಕ್ಷರದ್ದೇ. ಪಾಸ್‌ವರ್ಡ್ ಪ್ರತಿ ಸಲ ತಪ್ಪು. ಕೊನೆಗೆ ಅವರೇ ಒಂದು ದಾರಿ ಮಾಡಿಕೊಂಡರು. ಇಮೋಲಾ ಊರಿನ ಅಕ್ಷರ, ಎಂಪೊಲಿ ಊರಿನ ಅಕ್ಷರ ಎಂದು ತಮ್ಮ ದೇಶದ ಊರುಗಳನ್ನು ಹೇಳಿ ನಾನು ತಲೆಯಾಡಿಸಿದ ಮೇಲೆಯೇ ಒತ್ತುತ್ತಿದ್ದರು.

ಅವರಿಗೆ ಕೂತು ಕಲಿಯುವ ತಾಳ್ಮೆ ಇರಲಿಲ್ಲ. ಒಂದು ಮಾತು ಕೇಳಿ ಏಳುವರು, ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುವರು, ಹಿಂಬಾಗಿಲಲ್ಲಿ ನಿಂತು ಸಿಗರೇಟು ಹಚ್ಚಿ ಅರ್ಧಕ್ಕೇ ಆರಿಸುವರು. ಇಮೇಲ್, ಫೋಟೋ ಎಂದರೆ ಬೇಡ ಎಂಬಂತೆ ಕೈ ಬೀಸುವರು. ಅಪಾಯಿಂಟ್‌ಮೆಂಟ್, ಕನ್ಫರ್ಮ್, ರಿಪೋರ್ಟ್, ಅಟ್ಯಾಚ್‌ಮೆಂಟ್, ಇವೇ ಬೇಕು. ಅರ್ಥ ಹೇಳಿದರೆ ಸಾಲದು, ಪರದೆಯ ಮೇಲೆ ಆ ಮಾತು ಎಲ್ಲಿರುತ್ತದೆ, ಒತ್ತಿದರೆ ಏನಾಗುತ್ತದೆ ಎಂದು ತೋರಿಸಬೇಕು. ನನ್ನ ಕಾಲೂ ಮೇಜಿನ ಅಡಿಯಲ್ಲಿ ಸುಮ್ಮನಿರುತ್ತಿರಲಿಲ್ಲ. ಇಬ್ಬರು ಚಡಪಡಿಸುವ ಹೆಂಗಸರು ಒಂದು ಲ್ಯಾಪ್‌ಟಾಪಿನ ಮುಂದೆ. ಹೊರಗೆ ಗಾಳಿ ಮರಳನ್ನು ಎತ್ತಿ ಎತ್ತಿ ಕಿಟಕಿಗೆ ಹಾಕುತ್ತಿತ್ತು.

ಒಂದು ಗುರುವಾರ ಬೆಳಿಗ್ಗೆ ಆಕೆ ನಮ್ಮ ಬಾಗಿಲು ತಟ್ಟಿದರು. ನನ್ನ ಗಂಡ ಹಳೆಯ ಕಂಪನಿಯ ಆಫೀಸಿಗೆ ಹೋಗಿದ್ದರು. ಆಕೆ ಒಳಗೆ ಬಂದರೂ ಕೂರಲಿಲ್ಲ. ಫೋನ್ ನನ್ನ ಕೈಗಿತ್ತು, “ನಾನು ಕ್ಯಾನ್ಸಲ್ ಮಾಡಿದೆ. ಮೆಸೇಜ್ ಹೋಗುವುದಿಲ್ಲ. ಈಗ ಎರಡು ಮೆಸೇಜ್” ಎಂದರು. ಸಂಜೆ ಗಂಡ ಬರುವ ಮೊದಲು ಎರಡೂ ಹೋಗಬೇಕು, ವಾರಕ್ಕೊಮ್ಮೆ ತನ್ನ ಫೋನ್ ತೆಗೆದು ಬೇಡದ್ದನ್ನೆಲ್ಲ ಅಳಿಸಿಕೊಡುವವರು ಅವರೇ ಎಂದೂ ಸೇರಿಸಿದರು.

ಮೊದಲ ಮೆಸೇಜು ಪಕ್ಕದ ಊರು ಖೋಬಾರಿನ ಒಂದು ಆಸ್ಪತ್ರೆಯದು. ಸ್ತನರೋಗ ವಿಭಾಗ, ಬಯಾಪ್ಸಿಯ ಫಲಿತಾಂಶಕ್ಕಾಗಿ ವೈದ್ಯರ ಭೇಟಿ, ಅದೇ ದಿನ ಮಧ್ಯಾಹ್ನ. ಕೆಳಗೆ ಎರಡು ಬಟನ್: ಕನ್ಫರ್ಮ್, ಕ್ಯಾನ್ಸಲ್. ಎರಡನೇ ಮೆಸೇಜು ನಿಮ್ಮ ಭೇಟಿ ರದ್ದಾಗಿದೆ ಎನ್ನುತ್ತಿತ್ತು.

ನಾನು ತಲೆಯೆತ್ತಿ ನೋಡಿದೆ. ಆಕೆ ನನ್ನ ಮುಖವನ್ನೇ ಓದುತ್ತಿದ್ದರು. ಮರೆಯಲ್ಲಿ ಇಟ್ಟದ್ದನ್ನು ನಾನು ನೋಡಿಬಿಟ್ಟಿದ್ದೆ ಎಂಬುದು ಅವರಿಗೆ ಗೊತ್ತಾಯಿತು. ಅವರು ಏನು ಮಾಡಿಬಿಟ್ಟಿದ್ದಾರೆ ಎಂಬುದು ಇನ್ನೂ ಗೊತ್ತಾಗಿರಲಿಲ್ಲ.

ಫೋನಿನ ಅನುವಾದದ ಆಪಿನಲ್ಲಿ ಕ್ಯಾನ್ಸಲ್ ಎಂದು ಹಾಕಿ ತೋರಿಸಿದೆ. ಆಕೆ ತಲೆಯಾಡಿಸಿ, ‘ಕಾನ್ಚೆಲ್ಲಾರೆ’ ಎಂದು ಹೇಳುತ್ತಾ ಮೇಜಿನ ಮೇಲೆ ಬೆರಳಿನಿಂದ ಅಳಿಸುವ ಹಾಗೆ ಉಜ್ಜಿದರು. ಅವರ ಮಾತಿನಲ್ಲಿ ಅದು ಅಳಿಸುವುದು. ಬೋರ್ಡ್ ಒರೆಸಿದ ಹಾಗೆ. ಗೊತ್ತಿಲ್ಲದ ಮಾತುಗಳನ್ನೆಲ್ಲ ನನ್ನಲ್ಲಿ ಕೇಳಿದ್ದರು. ಇದು ತನ್ನದೇ ಮಾತಿನ ಹಾಗೆ ಕಂಡದ್ದರಿಂದ ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಇಲ್ಲಿ ಅಳಿಸುವುದು ಡಿಲೀಟ್, ಕ್ಯಾನ್ಸಲ್ ಅಂದರೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಹೇಳಿದ ಹಾಗೆ ಎಂದು ನಾನು ತಿಳಿಸಿದೆ. ಆಕೆಯ ಕೈ ಮೇಜಿನ ಮೇಲೆ ನಿಂತಿತು. ಆಮೇಲೆ ಕುರ್ಚಿ ಎಳೆದು ಕೂತರು.

ಅಲ್ಲಿ ಕೂತೇ, ಅನುವಾದದ ಆಪ್ ಹಿಡಿದುಕೊಂಡು, ಉಳಿದದ್ದನ್ನು ಹೇಳಿದರು. ಸ್ನಾನ ಮಾಡುವಾಗ ಗಂಟು ಕೈಗೆ ಸಿಕ್ಕಿತ್ತು. ಕಾಂಪೌಂಡಿನ ಕ್ಲಿನಿಕ್ಕಿನವರು ಖೋಬಾರಿಗೆ ಬರೆದುಕೊಟ್ಟು, ಭೇಟಿಯನ್ನೂ ಬುಕ್ ಮಾಡಿದ್ದರು. ಅಂಗಡಿಗಳಿಗೆ ಹೋಗುವ ಕಾಂಪೌಂಡಿನ ಬಸ್ಸಿನಲ್ಲೇ ಹೋಗಿ, ಸೂಜಿ ಚುಚ್ಚಿಸಿಕೊಂಡು, ಒಂದು ಚೀಲ ಟೊಮೆಟೊ ಹಿಡಿದುಕೊಂಡು ವಾಪಸು ಬಂದಿದ್ದರು. ಗಂಡನಿಗೆ ಹೇಳಿದರೆ ಅವರು ಕೆಲಸ ಬಿಟ್ಟು ಓಡಿ ಬರುತ್ತಾರೆ, ಬಂದು ತನಗಿಂತ ಹೆಚ್ಚು ಹೆದರುತ್ತಾರೆ. ಏನೆಂದು ಗೊತ್ತಾದ ಮೇಲೆ ಹೇಳೋಣ ಎಂದುಕೊಂಡಿದ್ದರು.

ಆಸ್ಪತ್ರೆಗೆ ಫೋನ್ ಮಾಡಿದೆ. ಧ್ವನಿಯೊಂದು ಅರಬ್ಬಿಗೆ ಒಂದನ್ನು ಒತ್ತಿ, ಇಂಗ್ಲಿಷಿಗೆ ಎರಡನ್ನು ಒತ್ತಿ ಎಂದು ಸುತ್ತಿಸಿತು, ಮನುಷ್ಯರು ಸಿಗಲಿಲ್ಲ. ಆಸ್ಪತ್ರೆಯ ಆಪಿನಲ್ಲಿ ನೋಡಿದರೆ ಆ ವೈದ್ಯರ ಮುಂದಿನ ಖಾಲಿ ದಿನ ಮುಂದಿನ ತಿಂಗಳಲ್ಲಿತ್ತು. ನಾನು ಅಬಾಯಾ ಹಾಕಿಕೊಂಡು ಟ್ಯಾಕ್ಸಿಗೆ ಹೇಳಿದೆ. ನನ್ನ ಗಂಡನಿಗೆ ಫೋನ್ ಮಾಡಿ ಖೋಬಾರಿಗೆ ಹೋಗಿ ಬರುತ್ತೇನೆ ಎಂದಷ್ಟೇ ಹೇಳಿದೆ. ದಾರಿಯುದ್ದಕ್ಕೂ ಆಕೆ ಸೀಟ್ ಬೆಲ್ಟಿನ ಕೊಂಡಿಯನ್ನು ತೆಗೆಯುವುದು, ಹಾಕುವುದು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಲೇ ಇದ್ದ.

ವಿಭಾಗದ ಕೌಂಟರಿನಲ್ಲಿ ಒಬ್ಬ ಸೌದಿ ಹುಡುಗಿ ಇದ್ದಳು. ಕಣ್ಣಷ್ಟೇ ಕಾಣುವಂತೆ ಮುಖ ಮುಚ್ಚಿದ್ದಳು. ಹೆಸರು ಹಾಕಿ ನೋಡಿ, ನೀವೇ ರದ್ದು ಮಾಡಿದ್ದೀರಿ, ಆ ಜಾಗ ಬೇರೆಯವರಿಗೆ ಹೋಗಿದೆ, ಸಿಸ್ಟಮ್ ಸೇರಿಸಲು ಬಿಡುವುದಿಲ್ಲ ಎಂದಳು. ನಾನು ನನಗೆ ಬರುವ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ: ಇವರ ಭಾಷೆಯಲ್ಲಿ ಆ ಮಾತಿಗೆ ಅಳಿಸುವುದು ಎಂದರ್ಥ, ಇವರು ಅಳಿಸಲು ಹೊರಟದ್ದು ಮೆಸೇಜನ್ನು, ಭೇಟಿಯನ್ನಲ್ಲ. ನನ್ನ ದನಿ ಏರಿತ್ತು. ಹಿಂದೆ ಆಕೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದರು. ಹುಡುಗಿ ಅವರನ್ನು ನೋಡಿದಳು. “ನನ್ನ ಅಜ್ಜಿಯೂ ಹೀಗೇ, ಯಾವುದನ್ನೋ ಒತ್ತುತ್ತಾರೆ” ಎಂದು ಹೇಳಿ, ಕುರ್ಚಿ ಬಿಟ್ಟು ತಾನೇ ವೈದ್ಯರ ಕೋಣೆಗೆ ಹೋದಳು. ಹೊರಗೆ ಬಂದವಳು, ಎಲ್ಲರೂ ಆದ ಮೇಲೆ ನೋಡುತ್ತಾರೆ, ಎಲ್ಲಿಗೂ ಹೋಗಬೇಡಿ ಎಂದಳು.

ಇಳಿಹೊತ್ತಿನ ಅಸರ್ ನಮಾಜಿಗೆ ಹೋದವರೆಲ್ಲ ವಾಪಸು ಬಂದು ಕೂತ ಮೇಲೂ ಕಾದೆವು. ಆಕೆಗೆ ನೀರು ತಂದುಕೊಟ್ಟೆ, ಕುಡಿಯಲಿಲ್ಲ. ನನ್ನ ಫೋನನ್ನು ಒಮ್ಮೆಯೂ ತೆಗೆದು ನೋಡಲಿಲ್ಲ ಎಂಬುದು ನನಗೆ ಹೊಳೆದದ್ದು ಹೆಸರು ಕರೆದಾಗ.

ವೈದ್ಯೆ ಈಜಿಪ್ಟಿನವರು. ಮಾತು ಮೆಲ್ಲಗೆ, ಆದರೆ ವೇಗ. ರಿಪೋರ್ಟನ್ನು ಪರದೆಯ ಮೇಲೆ ತೋರಿಸುತ್ತಾ ವಿವರಿಸತೊಡಗಿದರು. ನಾನು ಸುಲಭದ ಇಂಗ್ಲಿಷಿಗೆ ತಿರುಗಿಸಿ ಹೇಳಲು ಆಕೆಯ ಕಡೆ ಬಾಗಿದೆ. ಆದರೆ ‘ಮ್ಯಾಲಿಗ್ನೆಂಟ್’ ಎಂಬ ಮಾತು ಬಂದಾಗ ಆಕೆ ಕೈ ಎತ್ತಿ ನನ್ನನ್ನು ತಡೆದರು. ಅದು ಅವರ ಭಾಷೆಯಲ್ಲೂ ಅದೇ. ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಟು ಚಿಕ್ಕದು, ಬೇಗ ಸಿಕ್ಕಿದೆ, ತೆಗೆದು ಆಮೇಲೆ ರೇಡಿಯೇಶನ್ ಕೊಡಬೇಕು ಎಂದರು ವೈದ್ಯೆ. ಒಂದು ತಿಂಗಳು ತಡವಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅದನ್ನು ಈಗ ಯೋಚಿಸುವುದು ಬೇಡ ಎಂದು ಮುಂದಿನ ಪರೀಕ್ಷೆಗಳನ್ನು ಬರೆಯತೊಡಗಿದರು.

ವಾಪಸು ಬರುವಾಗ ಆಕೆ ಅಳಲಿಲ್ಲ. ಕಾಂಪೌಂಡಿನ ಗೇಟು ಬಂದಾಗ ನಾನು, “ಇವತ್ತೇ ಹೇಳಿ” ಎಂದೆ. “ಹೌದು. ಇವತ್ತೇ” ಎಂದರು. ಕತ್ತಲಾಗುವ ಮೊದಲು ಅವರ ಗಂಡನ ಕಾರು ಬಂದು ನಿಂತದ್ದನ್ನು ನಮ್ಮ ಕಿಟಕಿಯಿಂದ ನೋಡಿದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದಾಗಲೂ ಕಾರಿನ ಹಿಂಬಾಗಿಲು ತೆರೆದೇ ಇತ್ತು, ಚೀಲಗಳು ಒಳಗೇ ಇದ್ದವು. ನಾನು ಅಡುಗೆಮನೆಗೂ ಕಿಟಕಿಗೂ ನಡುವೆ ಓಡಾಡುತ್ತಿದ್ದೆ. ನನ್ನ ಗಂಡ ವಿಷಯ ಕೇಳಿ ತಿಳಿದುಕೊಂಡು, ಹೋಗಿ ಆ ಚೀಲಗಳನ್ನು ಇಳಿಸಿ ಅವರ ಮೆಟ್ಟಿಲ ಮೇಲಿಟ್ಟು, ಬಾಗಿಲು ತಟ್ಟದೆ ಬಂದರು.

ಮರುದಿನ ಶುಕ್ರವಾರ, ಜುಮಾ ನಮಾಜು ಮುಗಿದ ಮೇಲೆ ಆ ಎಂಜಿನಿಯರ್ ನಮ್ಮ ಮನೆಗೆ ಬಂದರು. ಮುಖ ಕ್ಷೌರ ಮಾಡಿರಲಿಲ್ಲ. ಥ್ಯಾಂಕ್ಸ್ ಹೇಳಲು ಬಂದಿದ್ದಾರೆ ಎಂದುಕೊಂಡೆ. ಅವರು, “ನಿಮಗೆ ಯಾವಾಗ ಗೊತ್ತಾಯಿತು?” ಎಂದು ಕೇಳಿದರು. ನಿನ್ನೆ ಬೆಳಿಗ್ಗೆ ಎಂದೆ. ನನ್ನನ್ನು ನಂಬಬೇಕೋ ಬೇಡವೋ ಎಂಬ ಹಾಗೆ ನೋಡಿ, “ನಲವತ್ತು ವರ್ಷದಿಂದ ಅವಳ ಎಲ್ಲ ಕಾಗದ ನಾನೇ ನೋಡಿದವನು” ಎಂದರು. ನನ್ನ ಗಂಡ ಅವರನ್ನು ಕೂರಿಸಿ ಚಹಾ ಕೊಟ್ಟರು. ಇಬ್ಬರು ಗಂಡಸರು ಪಂಪುಗಳ ಬಗ್ಗೆ ಮಾತಾಡಿದರು.

ಆಪರೇಷನ್ ಖೋಬಾರಿನಲ್ಲೇ ಆಯಿತು. ನಾನು ಸಾರು ಮಾಡಿಕೊಂಡು ಹೋದಾಗ ಆಕೆ ದಿಂಬಿಗೆ ಒರಗಿ ಫೋನ್ ನೋಡುತ್ತಿದ್ದರು. ಗಂಡ ಪಕ್ಕದಲ್ಲಿ ಕೈ ಚಾಚಿದರೆ ಕೊಡುತ್ತಿರಲಿಲ್ಲ. ಮುಂದಿನ ಎಲ್ಲ ಭೇಟಿಗಳನ್ನೂ ತಾನೇ ಹಾಕಿಕೊಂಡರು, ಅರ್ಥವಾಗದಿದ್ದರೆ ಪರದೆಯ ಚಿತ್ರ ತೆಗೆದು ನನಗೆ ಕಳಿಸುತ್ತಿದ್ದರು. ರೇಡಿಯೇಶನ್ ನಡೆಯುತ್ತಿದ್ದಾಗ ನಮ್ಮ ಇಕಾಮಾದ ಕೆಲಸವೂ ಆಯಿತು. ನನ್ನ ಗಂಡ ಆಪ್ ತೋರಿಸಿದಾಗ ನನಗೆ ನಂಬಿಕೆ ಬರಲಿಲ್ಲ, ಮುಚ್ಚಿ ಮತ್ತೆ ತೆರೆಯಿರಿ ಎಂದೆ.

ತಬೂಕಿಗೆ ಬಂದು ಈಗ ಎರಡು ಚಳಿಗಾಲ ಕಳೆದಿವೆ. ಇಲ್ಲಿ ಊರಿನ ಸುತ್ತ ಹೊಲಗಳಿವೆ, ಸಂಜೆ ನಡೆಯಲು ಜಾಗವಿದೆ. ಗಂಡ ಬರುವುದು ತಡವಾದರೆ ನಾನು ಈಗಲೂ ಕೋಣೆಯಿಂದ ಕೋಣೆಗೆ ಸುತ್ತುತ್ತೇನೆ, ಆ ಬುದ್ಧಿ ಹೋಗಿಲ್ಲ. ಅವರಿಬ್ಬರೂ ಇಟಲಿಗೆ ಹೋಗಿದ್ದಾರೆ. ಹೋದ ವಾರ ನಾನು ಮೀನು ತೊಳೆಯುತ್ತಿದ್ದಾಗ ಆಕೆ ವಿಡಿಯೋ ಕಾಲ್ ಮಾಡಿದರು. ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದು ಅಲ್ಲಿನ ವೈದ್ಯರು ಹೇಳಿದರಂತೆ. ಗಂಡ ಮನೆಗೆ ಬಂದ ಕೂಡಲೇ ಹೇಳಿದೆ. ಶೂ ಬಿಚ್ಚುತ್ತಿದ್ದವರು ತಲೆಯೆತ್ತಿ, “ಅಲ್‌ಹಮ್ದುಲಿಲ್ಲಾ, ಒಳ್ಳೇದಾಯ್ತಲ್ಲ. ಅವರ ಗಂಡ ಹೇಗಿದ್ದಾರೆ?” ಎಂದು ಕೇಳಿದರು.

ಅವರನ್ನು ಪರದೆಯಲ್ಲಿ ಕಂಡಿರಲಿಲ್ಲ. ಹಿಂದಿನಿಂದ ಅವರು ಪಾತ್ರೆ ತೊಳೆಯುವ ಸದ್ದು ಮಾತ್ರ ಬರುತ್ತಿತ್ತು ಎಂದೆ.