ಚಪ್ಪಾಳೆ ಹೊಡೆಯಬಾರದ ಪಂದ್ಯ

ಗೆಳೆಯರೇ, ನನ್ನ ಗಂಟಲು ಇನ್ನೂ ಉರಿಯುತ್ತಿದೆ. ಇಂದು ಸಂಜೆ ಅನಗೋಳದ ಮೈದಾನದಲ್ಲಿ ಖಾನಾಪುರದ ವಿರುದ್ಧ ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯವಿತ್ತು. ನಮ್ಮ ಓಣಿಯ ಸನ್ಮತಿ ತಮ್ಮ ತಂಡಕ್ಕೆ ಆಗುತ್ತಾಳೋ ಎಂದು ನೋಡಲು ಮೈಸೂರಿನ ಕೋಚ್ ಒಬ್ಬರು ಬಂದಿದ್ದರು. ಅವರು ಒಪ್ಪಿದರೆ ಅವಳು ಊರು ಬಿಟ್ಟ ಹಾಗೆ.

ರವಿವಾರ ಪೇಟೆಯ ಬೆಲ್ಲದ ವ್ಯಾಪಾರಿ ಬಸಣ್ಣ ನಮಗೆಲ್ಲ ತಾಕೀತು ಮಾಡಿದ. "ಇವತ್ತ ಯಾರೂ ಚಪ್ಪಾಳಿ ಹೊಡೀಬ್ಯಾಡ್ರಿ. ನಾವು ಕುಣದ್ವಿ ಅಂದ್ರ ಹುಡುಗಿ ಹೋದ್ಲು ಅಂತ ತಿಳೀರಿ."

"ಆಕಿ ಆಡೂದು ಆ ಕೋಚಗ ಕಾಣಂಗಿಲ್ಲೇನು, ಬಸಣ್ಣಾ?" ಎಂದೆ.

"ಕಾಣ್ಲಿ. ಊರಾಗಿನವರ ಆಕಳಸ್ಕೋಂತ ಕುಂತ್ರ ಅಂವಗೂ ಅನುಮಾನ ಬರ್ತದ, ಅಕ್ಕಾರ."

ಬಾಯಿ ಮುಚ್ಚಿ ಕುಳಿತೆವು. ಸನ್ಮತಿ ಪ್ರತಿ ಸಲ ಅಂಕ ಗಳಿಸಿದಾಗಲೂ ನಮ್ಮ ಕಡೆ ನೋಡಿ ಮುಖ ಸಣ್ಣ ಮಾಡುತ್ತಿದ್ದಳು. ಪಂದ್ಯ ಮುಗಿಯುವ ಹೊತ್ತಿಗೆ ನಾವು ಒಂದು ಅಂಕ ಹಿಂದಿದ್ದೆವು. ಅವಳು ದೂರದಿಂದಲೇ ಚೆಂಡು ಎಸೆದಳು. ಅದು ಸೀದಾ ಬಲೆಯೊಳಗೆ ಇಳಿಯಿತು.

ಯಾರೋ "ಸನ್ಮತೀ" ಎಂದು ಚೀರಿದರು. ಆಮೇಲೆ ಇಡೀ ಮೈದಾನವೇ ಎದ್ದು ಕುಣಿಯಿತು, ಬಸಣ್ಣ ಟೋಪಿ ಹಾರಿಸಿದ. ಕೋಚ್ ನಗುತ್ತ ಎದ್ದು ಸನ್ಮತಿಯ ಅಪ್ಪನ ಕಡೆ ನಡೆದರು.

"ಮೊದಲ ಚೀರಿದವ್ರು ಯಾರಲೇ?" ಎಂದು ಬಸಣ್ಣ ಇನ್ನೂ ಹುಡುಕುತ್ತಿದ್ದಾನೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಜೋರಾಗಿ ಮಾತಾಡಿದ್ದನ್ನೇ ಓಣಿಯಲ್ಲಿ ಯಾರೂ ಕೇಳಿಲ್ಲ. ಹಾಗಾಗಿ ಅವನಿಗೆ ನನ್ನ ಮೇಲೆ ಅನುಮಾನವೇ ಇಲ್ಲ. ನೀವೂ ಹೇಳಬೇಡಿ.